ರದ್ದಿಗೆ ಹಾಕುವ ಮೊದಲು ಬಿಚ್ಚಿ ನೋಡಿ

ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯ ಶುರುವಾದದ್ದು 2020ರ ಆಗಸ್ಟ್‌ನಲ್ಲಿ. ಗದಗ ರಸ್ತೆಯ ಕಡೆಗಿರುವ ಎರಡು ಹಳೆಯ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟು, ನ್ಯಾರೋಗೇಜ್ ಎಂಜಿನ್‌ಗಳನ್ನು ನಿಲ್ಲಿಸಿ, ಅಚ್ಚುಕಟ್ಟಾಗಿ ಕಟ್ಟಿದ್ದಾರೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದವರು ಖುಷಿಯಿಂದ ಮರಳುತ್ತಾರೆ. ಆದರೆ ಎಂಜಿನ್ ಎದುರು ನಿಂತ ಹುಡುಗನೊಬ್ಬ ಇದನ್ನು ಯಾರು ರಿಪೇರಿ ಮಾಡುತ್ತಿದ್ದರು, ಅವರಿಗೆ ಸಂಬಳ ಎಷ್ಟಿತ್ತು, ಯಾವ ವರ್ಷ ಯಾವ ಭಾಗ ಬದಲಾಯಿತು ಎಂದು ಕೇಳಿದರೆ ಎಂಜಿನ್ ಹೇಳುವುದಿಲ್ಲ. ಅದನ್ನು ಹೇಳುವುದು ಕಾಗದ. ವಸ್ತುಗಳಿಗೆ ವಸ್ತುಸಂಗ್ರಹಾಲಯ ಇದ್ದ ಹಾಗೆ ಕಾಗದಕ್ಕೆ ಪತ್ರಾಗಾರ ಬೇಕು. ಅವಳಿ ನಗರದ ಕಾರ್ಖಾನೆಗಳು ಇನ್ನೂ ಮನಸ್ಸು ಕೊಡದ ಕೆಲಸ ಇದು.

ರೈಲ್ವೆ ವರ್ಕ್‌ಶಾಪ್‌ನಿಂದಲೇ ನೋಡೋಣ. 1880ರ ದಶಕದಿಂದ ನಡೆಯುತ್ತಿರುವ ಈ ಕಾರ್ಖಾನೆ ಹುಬ್ಬಳ್ಳಿಯನ್ನು ಕಟ್ಟಿದ ಸಂಸ್ಥೆಗಳಲ್ಲಿ ಒಂದು. ಅಪ್ಪ, ಮಗ, ಮೊಮ್ಮಗ ಒಂದೇ ಗೇಟಿನಲ್ಲಿ ಹಾಜರಿ ಹಾಕಿದ ಮನೆಗಳು ಇಲ್ಲಿವೆ. ಅದರ ಯಜಮಾನರು ಎಷ್ಟು ಸಲ ಬದಲಾದರು ನೋಡಿ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಲಂಡನ್ನಿನಲ್ಲಿ ಆಡಳಿತ ಮಂಡಳಿ ಇಟ್ಟುಕೊಂಡಿದ್ದ ಕಂಪನಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. 1944ರಲ್ಲಿ ಸರ್ಕಾರದ ಕೈಗೆ ಬಂತು, 1951ರಲ್ಲಿ ದಕ್ಷಿಣ ರೈಲ್ವೆಯ ಪಾಲಾಯಿತು. 1966ರಲ್ಲಿ ಹುಬ್ಬಳ್ಳಿ ವಿಭಾಗ ಸಿಕಂದರಾಬಾದ್‌ನ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. 2003ರ ಏಪ್ರಿಲ್‌ನಲ್ಲಿ ನೈರುತ್ಯ ರೈಲ್ವೆ ಬಂದ ಮೇಲಷ್ಟೇ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂತು. ಪ್ರತಿ ಬದಲಾವಣೆಯಲ್ಲೂ ಕಾಗದಗಳು ಒಂದಿಷ್ಟು ಅತ್ತ ಹೋಗಿವೆ, ಒಂದಿಷ್ಟು ಇತ್ತ ಉಳಿದಿವೆ. ಹುಬ್ಬಳ್ಳಿಯ ಕಾರ್ಖಾನೆಯ ಚರಿತ್ರೆ ಬರೆಯಹೊರಟವರು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ತನಕ ಅಲೆಯಬೇಕು. ಅಲ್ಲಿ ಸಿಗುವುದು ಷೇರುದಾರರ, ನಿರ್ದೇಶಕರ ಮಾತು. ಫೌಂಡ್ರಿಯಲ್ಲಿ ಕೈ ಸುಟ್ಟುಕೊಂಡವನ ಹೆಸರು ಸಿಗುವುದಿದ್ದರೆ ಇಲ್ಲಿನ ಅಪಘಾತದ ರಿಜಿಸ್ಟರಿನಲ್ಲೇ ಸಿಗಬೇಕು.

ಲೆಕ್ಕಪತ್ರ ಕಾಯುವುದು ನಮಗೆ ಹೊಸದಲ್ಲ. ನಾವು ಇಂದು ಫೈಲಿಗೆ ಬಳಸುವ ‘ಕಡತ’ ಎಂಬ ಪದ, ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆಯ ಮಡಿಕೆ ಪುಸ್ತಕದ್ದು. ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ವರ್ತಕರ ಲೆಕ್ಕ, ಮಠಗಳ ಆಯವ್ಯಯ, ಊರಿನ ವ್ಯಾಜ್ಯ ಎಲ್ಲ ಅದರಲ್ಲೇ. ಮಠದ ಕಡತ ಉಳಿದದ್ದು ಅದನ್ನು ನೋಡಿಕೊಳ್ಳುವ ಹೊಣೆ ಒಬ್ಬರ ಮೇಲೆ ಇದ್ದುದರಿಂದ. ಕಾರ್ಖಾನೆಗಳಲ್ಲಿ ಆ ಹೊಣೆ ಯಾರ ಮೇಲೂ ಇಲ್ಲ.

ಜರ್ಮನಿಯ ಕ್ರುಪ್ 1905ರಲ್ಲಿ, ಸೀಮೆನ್ಸ್ 1907ರಲ್ಲಿ ತಮ್ಮ ಪತ್ರಾಗಾರ ತೆರೆದವು. ನಮ್ಮಲ್ಲಿ ಟಾಟಾ ಸಮೂಹ 1991ರಲ್ಲಿ, ಗೋದ್ರೆಜ್ 2006ರಲ್ಲಿ ಈ ಕೆಲಸಕ್ಕೆ ಕೈಹಾಕಿದವು. 1951–52ರ ಮೊದಲ ಮಹಾಚುನಾವಣೆಗೆ ಗೋದ್ರೆಜ್‌ನ ವಿಕ್ರೋಲಿ ಕಾರ್ಖಾನೆಯಲ್ಲಿ 12 ಲಕ್ಷಕ್ಕೂ ಹೆಚ್ಚು ಮತಪೆಟ್ಟಿಗೆಗಳು ತಯಾರಾದ ಕಥೆ ಇಂದು ಎಲ್ಲರಿಗೂ ಗೊತ್ತಿರುವುದು, ಅಲ್ಲಿನ ಪತ್ರಾಗಾರ ಹಳೆಯ ಪತ್ರಿಕೆ ಹುಡುಕಿ, ಹಿರಿಯ ಕೆಲಸಗಾರರ ಮಾತು ಧ್ವನಿಮುದ್ರಿಸಿಕೊಂಡದ್ದರಿಂದ. ದೇಶದ ಪ್ರಜಾಪ್ರಭುತ್ವದ ಒಂದು ಪುಟ ಕಾರ್ಖಾನೆಯ ನೆನಪಿನಲ್ಲಿ ಉಳಿದಿತ್ತು.

ಇಷ್ಟೇ ಆಗಿದ್ದರೆ ಇದನ್ನು ಇತಿಹಾಸಪ್ರಿಯರ ಕೆಲಸ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಹಳೆಯ ಕಾಗದ ಬದುಕಿರುವವರ ಅನ್ನಕ್ಕೂ ಬೇಕಾಗುತ್ತದೆ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ನೌಕರರ ಪಿಂಚಣಿ ಯೋಜನೆಯಲ್ಲಿ ಹೆಚ್ಚಿನ ಪಿಂಚಣಿಯ ಆಯ್ಕೆ ಕುರಿತು ತೀರ್ಪು ಕೊಟ್ಟಿತು. ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಅಂದಿನಿಂದ ಕೆಲಸದಲ್ಲಿದ್ದವನ ಅರ್ಜಿಗೆ ಕಂಪನಿ ಸುಮಾರು ಮೂರು ದಶಕಗಳ ವೇತನದ ವಿವರ ತೆಗೆದುಕೊಡಬೇಕಾಯಿತು. ವೇತನದ ಪುಸ್ತಕ ಜೋಪಾನವಾಗಿಟ್ಟ ಕಂಪನಿಗೆ ಅದು ಕೆಲವು ದಿನಗಳ ಕೆಲಸ. ಇಲ್ಲದವರ ಕೆಲಸಗಾರ ಅಲೆಯಬೇಕು. ಮಾಲೀಕರಿಗೆ ಕೊಟ್ಟ ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿದ ಮೇಲೂ, 2024ರ ಡಿಸೆಂಬರ್‌ನಲ್ಲಿ 3.1 ಲಕ್ಷ ಅರ್ಜಿಗಳು ಮಾಲೀಕರ ಹಂತದಲ್ಲೇ ಉಳಿದಿದ್ದವು. ಬೇರೆ ಕಾರಣಗಳೂ ಇರಬಹುದು. ಆದರೆ 1996ರ ಸಂಬಳದ ಹಾಳೆ ರದ್ದಿ ಅಂಗಡಿಗೆ ಹೋಗಿದ್ದರೆ, ಅರವತ್ತು ದಾಟಿದ ಫಿಟ್ಟರ್ ತನ್ನ ದುಡಿಮೆಯನ್ನು ಯಾವುದರಿಂದ ಸಾಬೀತು ಮಾಡಬೇಕು? ಜನ್ಮದಿನಾಂಕದ ತಂಟೆ, ಅನುಕಂಪದ ನೌಕರಿ, ಗಾಯದ ಪರಿಹಾರ, ಎಲ್ಲದಕ್ಕೂ ಇದೇ ಪ್ರಶ್ನೆ.

ನಮ್ಮ ಕಾನೂನು ಈ ವಿಷಯದಲ್ಲಿ ಎಷ್ಟು ದಿನ ಇಟ್ಟರೆ ಸಾಕು ಎನ್ನುವುದನ್ನು ಹೇಳುತ್ತದೆ, ಯಾವುದು ಉಳಿಯಲೇಬೇಕು ಎನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಲೆಕ್ಕದ ಪುಸ್ತಕಗಳನ್ನು 8 ಹಣಕಾಸು ವರ್ಷ ಇಟ್ಟರಾಯಿತು. ಕಂಪನಿ ಮುಚ್ಚಿ ವಿಸರ್ಜನೆಯಾಗಿ 5 ವರ್ಷ ಕಳೆದರೆ, 347ನೇ ಕಲಮಿನಂತೆ ಪುಸ್ತಕ, ಕಾಗದಗಳ ಹೊಣೆ ಯಾರಿಗೂ ಇಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹುಟ್ಟಿ ದೇಶದ ಕಾರ್ಖಾನೆಗಳಿಗೆ ಲೇತ್ ಕೊಟ್ಟ ಹೆಸರು. ಅದು ಬಾಗಿಲು ಹಾಕಿದಾಗ ಕಾರ್ಮಿಕರ ಬಾಕಿಗೆ ಹೋರಾಟ ನಡೆದದ್ದು ಎಲ್ಲರಿಗೂ ನೆನಪಿದೆ. ಡ್ರಾಯಿಂಗ್‌ಗಳಿಗಾಗಿ ಹೋರಾಡಿದವರ ನೆನಪು ನನಗಿಲ್ಲ. ಅದೇ ಮನೆತನದ ಇನ್ನೊಂದು ಸಂಗತಿ ಹೇಳಬೇಕು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅಲ್ಲಿಂದ 1920ರಲ್ಲಿ ಶಂಕರರಾವ್ ಕಿರ್ಲೋಸ್ಕರರು ‘ಕಿರ್ಲೋಸ್ಕರ್ ಖಬರ್’ ಎಂಬ ಕಾರ್ಖಾನೆಯ ಪತ್ರಿಕೆ ಹೊರಡಿಸಿದರು. ಅದು ಮುಂದೆ ಮರಾಠಿಯ ದೊಡ್ಡ ಮಾಸಪತ್ರಿಕೆಯಾಯಿತು. ಹಾಗೆ ಅಚ್ಚಾದ ನೆನಪು ಗ್ರಂಥಾಲಯಗಳಲ್ಲಿ ಉಳಿಯುತ್ತದೆ. ಒಂದೇ ಪ್ರತಿ ಇರುವ ಹಾಜರಿ ಪುಸ್ತಕಕ್ಕೆ ಆ ಭಾಗ್ಯವಿಲ್ಲ.

ಪತ್ರಾಗಾರ ನಡೆಸುವುದೆಂದರೆ ಎಲ್ಲವನ್ನೂ ಕೂಡಿಡುವುದಲ್ಲ. ದೊಡ್ಡ ಕಾರ್ಖಾನೆಯ ಕಾಗದದಲ್ಲಿ ಶಾಶ್ವತವಾಗಿ ಇಡಬೇಕಾದ್ದು ನೂರಕ್ಕೆ ಹತ್ತರಷ್ಟೂ ಇರುವುದಿಲ್ಲ. ಉಳಿದದ್ದನ್ನು ನಾಶ ಮಾಡಲೇಬೇಕು, ಆದರೆ ಗೊತ್ತಿದ್ದು, ಪಟ್ಟಿ ಬರೆದು, ಸಹಿ ಹಾಕಿ. ಮಂಡಳಿಯ ನಿರ್ಣಯಗಳು, ಮೂಲ ಡ್ರಾಯಿಂಗ್‌ಗಳು, ಸಂಘದೊಂದಿಗಿನ ಒಪ್ಪಂದಗಳು, ಸೇವಾ ಪುಸ್ತಕಗಳು, ವೇತನದ ಹಾಳೆಗಳು, ಅಪಘಾತದ ರಿಜಿಸ್ಟರ್, ಖಂಡೆ ಪೂಜೆಯ ದಿನ ಯಂತ್ರಗಳ ಮುಂದೆ ತೆಗೆಸಿಕೊಂಡ ಗುಂಪು ಫೋಟೊ ಉಳಿಯಬೇಕು. ಫೋಟೊದ ಹಿಂದೆ ಹೆಸರು ಬರೆದಿಡುವುದನ್ನು ಈಗಲೇ ಮಾಡಬೇಕು. ಗುರುತು ಹಿಡಿಯಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಂಪ್ಯೂಟರ್ ಬಂದ ಮೇಲೆ ಈ ತಾಪತ್ರಯ ತಪ್ಪಿತು ಎಂದುಕೊಂಡವರೂ ಇದ್ದಾರೆ. 1930ರ ಟ್ರೇಸಿಂಗ್ ಬಟ್ಟೆಯ ಡ್ರಾಯಿಂಗನ್ನು ಇವತ್ತೂ ಬೆಳಕಿಗೆ ಹಿಡಿದು ಓದಬಹುದು, 1998ರ ಫ್ಲಾಪಿಯನ್ನು ಓದುವ ಯಂತ್ರ ಹುಡುಕಲು ಊರೆಲ್ಲ ತಿರುಗಬೇಕು.

ಇದಕ್ಕಿಂತ ಮುಖ್ಯ, ಪತ್ರಾಗಾರ ಯಾರ ಕೈಕೆಳಗೆ ಎಂಬುದು. ಪ್ರಚಾರ ವಿಭಾಗಕ್ಕೆ ಒಪ್ಪಿಸಿದರೆ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಅಚ್ಚಾಗುವವರೆಗೆ ಉತ್ಸಾಹ ಇರುತ್ತದೆ, ಆಮೇಲೆ ಕೋಣೆಗೆ ಬೀಗ. ಮುಷ್ಕರದ ಫೈಲು, ಕೆಟ್ಟುಹೋದ ಉತ್ಪನ್ನದ ಫೈಲು ಅಲ್ಲಿಗೆ ಬರುವುದೇ ಇಲ್ಲ. ಆದ್ದರಿಂದ ಅದು ಕಂಪನಿ ಕಾರ್ಯದರ್ಶಿಗೋ ಆಡಳಿತದ ಮುಖ್ಯಸ್ಥರಿಗೋ ನೇರ ಉತ್ತರ ಕೊಡುವ ವಿಭಾಗ ಆಗಿರಬೇಕು. ಪತ್ರಾಗಾರದವರ ಸಹಿ ಇಲ್ಲದೆ ಯಾವ ವಿಭಾಗವೂ ಒಂದು ಗಂಟು ಕಾಗದವನ್ನೂ ಗೇಟಿನಾಚೆ ಕಳಿಸಬಾರದು. ಹಳೆಯ ಫೈಲು ನಾಳೆ ಕೋರ್ಟಿನಲ್ಲಿ ನಮ್ಮ ವಿರುದ್ಧವೇ ಸಾಕ್ಷಿಯಾದೀತು ಎಂಬ ಭಯ ಆಡಳಿತದವರಿಗೆ ಇರುತ್ತದೆ. ಭಯ ಸುಳ್ಳಲ್ಲ. ಇಷ್ಟು ವರ್ಷ ಹೊರಗಿನವರಿಗೆ ತೆರೆಯುವುದಿಲ್ಲ ಎಂದು ನಿಯಮ ಮಾಡಿಕೊಂಡರೆ ಆ ಭಯಕ್ಕೆ ದಾರಿಯುಂಟು. ಸುಟ್ಟ ಕಾಗದ ಕಂಪನಿಯ ಪರವಾಗಿಯೂ ಸಾಕ್ಷಿ ಹೇಳಲಾರದು.

ಪಾಲುದಾರರು ಬದಲಾಗುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಧಾರವಾಡದಲ್ಲಿ ಬಸ್ ಕಟ್ಟಲು ಟಾಟಾ ಮೋಟರ್ಸ್ ಜೊತೆ ಬಂದಿದ್ದ ಬ್ರೆಜಿಲ್‌ನ ಮಾರ್ಕೊಪೋಲೊ ತನ್ನ ಪಾಲು ಮಾರಿ ಹೋಗುವುದು 2020ರ ಡಿಸೆಂಬರ್‌ನಲ್ಲಿ ನಿರ್ಧಾರವಾಯಿತು. ಕೆಲಸ ಕಲಿತ ಊರಿನ ಹುಡುಗರು ಇಲ್ಲೇ ಇದ್ದಾರೆ. ಅವರು ಹೇಗೆ ಕಲಿತರು ಎಂಬುದನ್ನು ಅವರದೇ ಕನ್ನಡದಲ್ಲಿ ಈಗ ಧ್ವನಿಮುದ್ರಿಸಿಕೊಳ್ಳಬೇಕು.

ಜನ ಎಲ್ಲಿಂದ ತರುವುದು ಎಂದು ಕೇಳುವವರು ಧಾರವಾಡದ ಕಡೆ ನೋಡಲಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಗ್ರಂಥಾಲಯ ವಿಜ್ಞಾನ ಓದಿದವರಿದ್ದಾರೆ. 1939ರಿಂದ ಹಸ್ತಪ್ರತಿ, ಶಾಸನ ಕಾಪಾಡುತ್ತ ಬಂದ ಕನ್ನಡ ಸಂಶೋಧನ ಸಂಸ್ಥೆ ಇದೆ. ತಾಳೆಗರಿ ಉಳಿಸಿದ ಊರಿಗೆ ಹಾಜರಿ ಪುಸ್ತಕ ಉಳಿಸುವುದು ಕಷ್ಟವಲ್ಲ.

ಮೊದಲ ಹೆಜ್ಜೆ ನೈರುತ್ಯ ರೈಲ್ವೆಯದ್ದಾಗಲಿ. 2021ರಿಂದ ಕೇಂದ್ರದ ಕಚೇರಿಗಳಲ್ಲಿ ಪ್ರತಿ ಅಕ್ಟೋಬರ್ ಸ್ವಚ್ಛತೆಯ ವಿಶೇಷ ಅಭಿಯಾನ ನಡೆಯುತ್ತಿದೆ. ಎಷ್ಟು ಫೈಲು ತೆಗೆದರು, ಎಷ್ಟು ಜಾಗ ಖಾಲಿಯಾಯಿತು, ರದ್ದಿಯಿಂದ ಎಷ್ಟು ಹಣ ಬಂತು ಎಂದು ಲೆಕ್ಕ ಕೊಡುತ್ತಾರೆ. ಎಷ್ಟು ಫೈಲು ಶಾಶ್ವತವಾಗಿ ಉಳಿಸಿದೆವು ಎಂಬ ಕಾಲಮ್ಮನ್ನೂ ಆ ಲೆಕ್ಕದಲ್ಲಿ ಸೇರಿಸಬೇಕು. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ರೈಲ್ವೆಗೂ ಅನ್ವಯಿಸುತ್ತದೆ. ಅದರ ಪ್ರಕಾರ ದಾಖಲೆಗಳಿಗೆ ಒಬ್ಬ ಅಧಿಕಾರಿ ಇರಬೇಕು, 25 ವರ್ಷ ದಾಟಿದ ಕಾಗದವನ್ನು ರಾಷ್ಟ್ರೀಯ ಪತ್ರಾಗಾರದವರೊಂದಿಗೆ ಕೂತು ಪರಿಶೀಲಿಸಬೇಕು. ಈ ಅಕ್ಟೋಬರ್‌ನಲ್ಲಿ ವರ್ಕ್‌ಶಾಪಿನ ಯಾವುದೋ ಅಟ್ಟದಿಂದ ಹಳೆಯ ಗಂಟು ಇಳಿಸುವ ಸಿಬ್ಬಂದಿ ಒಂದು ಮಾತು ನೆನಪಿಟ್ಟುಕೊಳ್ಳಲಿ: 1892ಕ್ಕಿಂತ ಹಿಂದಿನ ದಾಖಲೆಯಾಗಿದ್ದರೆ, ಪತ್ರಾಗಾರದ ಯಾವ ಬಳಕೆಗೂ ಬಾರದಷ್ಟು ಹಾಳಾಗಿದೆ ಎಂದು ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರು ಹೇಳದ ಹೊರತು ಅದರ ಒಂದು ಹಾಳೆಯನ್ನೂ ನಾಶ ಮಾಡುವಂತಿಲ್ಲ.