ಬೋರ್ಡ್ ಸುಟ್ಟರೆ ಡಿಸ್ಕ್ ಯಾಕೆ ಫಾರ್ಮ್ಯಾಟ್ ಆಗಬೇಕು?

ಕಳೆದ ತಿಂಗಳು ಒಂದು ಸಂಜೆ ಗುಡುಗು ಮಳೆ. ಕರೆಂಟು ಹೋಯಿತು, ಬರುವಾಗ ಜೋರಾಗಿಯೇ ಬಂತು. ನನ್ನ ಡೆಸ್ಕ್‌ಟಾಪ್ ಮತ್ತೆ ಏಳಲಿಲ್ಲ. ಮರುದಿನ ಸಿಪಿಯು ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ಹಾವೇರಿಯ ಒಂದು ಅಂಗಡಿಗೆ ಹೋದೆ. ಹುಡುಗ ಐದು ನಿಮಿಷದಲ್ಲಿ ತೀರ್ಪು ಕೊಟ್ಟ.

"ಸರ, ಮದರ್‌ಬೋರ್ಡ್ ಹೋಗೇತ್ರಿ. ಹೊಸಾದು ಹಾಕಿದ್ರ ಫಾರ್ಮ್ಯಾಟ್ ಹೊಡೀಬೇಕಾಗತೈತಿ. ಸಿ ಡ್ರೈವ್ ಅಷ್ಟ ಹೋಗೂದು, ಡಿ ಹಂಗ ಇರತೈತ್ರಿ."

ಈ 'ಸಿ ಅಷ್ಟ' ಅನ್ನುವ ಮಾತನ್ನು ನಮ್ಮಲ್ಲಿ ಎಷ್ಟು ಜನ ಕೇಳಿ ತಲೆಯಾಡಿಸಿಲ್ಲ? ಆದರೆ ನಮ್ಮ ಕೆಲಸವೆಲ್ಲ ಇರುವುದೇ ಅಲ್ಲಿ. ಡೆಸ್ಕ್‌ಟಾಪ್ ಮೇಲಿನ ಫೋಲ್ಡರ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಸಿ ಒಳಗೇ. ನುಡಿ, ಫಾಂಟುಗಳು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೂ ಅಲ್ಲೇ. 2017ರಲ್ಲಿ ಹೀಗೆಯೇ ತಲೆಯಾಡಿಸಿ ನಾಲ್ಕು ವರ್ಷದ ಫೋಟೊ ಕಳೆದುಕೊಂಡವನು ನಾನು.

ಈ ಸಲ ಆ ಡಿಸ್ಕಿನಲ್ಲಿ 2019ರ ಆಗಸ್ಟ್ ನೆರೆಯ ಚಿತ್ರಗಳಿದ್ದವು. ವರದಾ ನದಿ ಊರಿಗೆ ನುಗ್ಗಿದಾಗ ತೆಗೆದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಪರಿಹಾರ ಎಂದು ಸರ್ಕಾರ ಹೇಳಿದ ವರ್ಷ ಅದು. ಪಟ್ಟಿಯಿಂದ ಹೊರಗುಳಿದವರು ಇವತ್ತಿಗೂ ಫೋನ್ ಮಾಡುತ್ತಾರೆ, "ನಮ್ಮ ಮನಿ ಬಿದ್ದ ಫೋಟೊ ತಗದಿದ್ರೆಲ್ಲ, ಅದೈತೇನ್ರಿ?" ಎಂದು. ಪತ್ರಿಕೆಯಲ್ಲಿ ಬಂದದ್ದು ಎರಡು ಕಾಲಂ ಚಿತ್ರ. ತೆಗೆದ ದಿನ, ಹೊತ್ತು ಕ್ಯಾಮೆರಾದ ಮೂಲ ಫೈಲಿನೊಳಗೆ ದಾಖಲಾಗಿರುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದ ಪ್ರತಿಯಲ್ಲಿ ಅದು ಉಳಿಯುವುದಿಲ್ಲ. ಹಾಗಾಗಿ ಮೂಲ ಫೈಲ್ ಹೋದರೆ ಹೋಯಿತು. ಬೇರೆ ಕಡೆ ಕಾಪಿ ಇಟ್ಟಿರಲಿಲ್ಲವೇ ಎಂದು ಕೇಳಬೇಡಿ. ಇಟ್ಟಿರಲಿಲ್ಲ. ಸುದ್ದಿಗೆ ಇಷ್ಟು ಅಂತ ದುಡ್ಡು ಸಿಗುವವನಿಗೆ ಎರಡನೇ ಹಾರ್ಡ್ ಡಿಸ್ಕ್ ಯಾವಾಗಲೂ ಮುಂದಿನ ತಿಂಗಳ ಖರ್ಚು.

ಅಂಗಡಿಯವರದು ಪೂರ್ತಿ ಸುಳ್ಳಲ್ಲ, ಹಳೆಯ ಸತ್ಯ. ಎಕ್ಸ್‌ಪಿ, ವಿಂಡೋಸ್ 7 ಕಾಲದಲ್ಲಿ ಬೇರೆ ಬೋರ್ಡಿಗೆ ಹಳೆಯ ಡಿಸ್ಕ್ ಹಾಕಿದರೆ ಡಿಸ್ಕ್ ಓದುವ ಡ್ರೈವರ್ ಹೊಂದದೆ ನೀಲಿ ಪರದೆ ಬರುವುದು ಮಾಮೂಲಾಗಿತ್ತು. ವಿಂಡೋಸ್ 10 ಮತ್ತು 11 ಹಾಗಲ್ಲ. ಹೊಸ ಬೋರ್ಡನ್ನು ಕಂಡಾಗ 'ಸಾಧನಗಳನ್ನು ಸಿದ್ಧಪಡಿಸುತ್ತಿದ್ದೇನೆ' ಅಂದು, ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗಿ, ಸಾಮಾನ್ಯವಾಗಿ ಎದ್ದು ಕೂರುತ್ತವೆ. ಲಿನಕ್ಸ್ ಬಳಸುವವರಿಗೆ ಈ ಕಷ್ಟ ಇನ್ನೂ ಕಡಿಮೆ.

"ತಮ್ಮಾ, ಮೊದಲ ಡಿಸ್ಕ್ ಬಿಚ್ಚಿ ನಿನ್ನ ಕಂಪ್ಯೂಟರಿಗೆ ಹಚ್ಚು, ಎಲ್ಲಾ ಕಾಪಿ ಮಾಡೋಣು. ಆಮ್ಯಾಲೆ ಹಂಗ ಹೊಸ ಬೋರ್ಡಿಗೆ ಹಚ್ಚಿ ನೋಡೋಣು" ಅಂದೆ. ಡಿಸ್ಕ್ ಬದುಕಿತ್ತು. ಅಲ್ಲೇ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಕೊಂಡೆ. ಮುಂದಿನ ತಿಂಗಳು ಕೊನೆಗೂ ಬಂತು. ಕಾಪಿ ಮುಗಿಯಲು ಎರಡು ಚಹಾ ಆದವು.

ಹೊಸ ಬೋರ್ಡಿಗೆ ಹಚ್ಚಿದರೆ ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಸಂದೇಶ ಬಂತು. ಹುಡುಗ ನನ್ನ ಮುಖ ನೋಡಿದ. ಕಾರಣ ಬೇರೆ ಇತ್ತು. ನನ್ನ ವಿಂಡೋಸ್ 10 ಹಾಕಿದ್ದು ಹಳೆಯ ಲೆಗಸಿ ರೀತಿಯಲ್ಲಿ, ಎಂಬಿಆರ್ ಡಿಸ್ಕಿನ ಮೇಲೆ. ಹೊಸ ಬೋರ್ಡಿಗೆ ಯುಇಎಫ್‌ಐ ಮಾತ್ರ ಗೊತ್ತು. ಇದಕ್ಕೂ ಫಾರ್ಮ್ಯಾಟ್ ಬೇಕಿಲ್ಲ. ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಿಂದ ಶುರುಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಪ್ರಾಂಪ್ಟ್ ತೆರೆದರೆ ಅಲ್ಲಿ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ. 2017ರಿಂದಲೂ ಮೈಕ್ರೋಸಾಫ್ಟೇ ವಿಂಡೋಸ್ ಜೊತೆ ಕೊಡುತ್ತಿದೆ. ಮೊದಲು 'ವ್ಯಾಲಿಡೇಟ್' ಕೊಟ್ಟು ಪರೀಕ್ಷಿಸಿ, ಆಮೇಲೆ 'ಕನ್ವರ್ಟ್'. ಫೈಲುಗಳು ಇದ್ದಲ್ಲೇ ಇರುತ್ತವೆ. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿದ್ದರೆ ಒಪ್ಪುವುದಿಲ್ಲ. ನನ್ನದು ಒಪ್ಪಿತು. ಹದಿನೈದು ನಿಮಿಷದಲ್ಲಿ ನನ್ನದೇ ವಾಲ್‌ಪೇಪರ್ ಪರದೆಯ ಮೇಲೆ ಬಂತು. ಇಂಟರ್ನೆಟ್ ಮಾತ್ರ ಹಿಡಿಯಲಿಲ್ಲ, ಲ್ಯಾನ್ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಬೇಕಾಯಿತು.

ಲ್ಯಾಪ್‌ಟಾಪ್ ಇರುವವರು, ವಿಂಡೋಸ್ 11 ಇರುವವರು ಇದನ್ನು ನಿಂತು ಓದಿ. ನಿಮಗೆ ಗೊತ್ತಿಲ್ಲದೆಯೇ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಆ ಬೀಗ ತಾನಾಗಿ ತೆರೆಯುವುದು ಬೋರ್ಡಿನಲ್ಲಿರುವ ಟಿಪಿಎಂ ಎಂಬ ಭಾಗದ ನೆರವಿನಿಂದ. ಬೋರ್ಡ್ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದಿಲ್ಲದಿದ್ದರೆ ಡಿಸ್ಕ್ ಕಣ್ಣೆದುರಿಗೇ ಇದ್ದರೂ ಒಂದು ಫೈಲೂ ಸಿಗುವುದಿಲ್ಲ, ಬೇರೆ ಕಂಪ್ಯೂಟರಿಗೆ ಹಚ್ಚಿದರೂ ಅಷ್ಟೇ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಕೀ ಸಾಮಾನ್ಯವಾಗಿ ಆ ಖಾತೆಯಲ್ಲಿರುತ್ತದೆ. ಆ ಖಾತೆ ಅಂಗಡಿಯವರು ತಮ್ಮ ಮೇಲ್ ಐಡಿಯಿಂದ ಮಾಡಿಕೊಟ್ಟದ್ದಾದರೆ? ನಮ್ಮ ಕಡೆ ಹೀಗೆ ಮಾಡಿಕೊಡುವುದು ಅಪರೂಪವೇನಲ್ಲ. ಕಂಪ್ಯೂಟರ್ ನಡೆಯುತ್ತಿರುವಾಗಲೇ ಕೀ ಹುಡುಕಿ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಲೈಸೆನ್ಸ್ ವಿಷಯ ಬೇರೆ. ಕಂಪ್ಯೂಟರಿನ ಜೊತೆಗೇ ಬಂದ ಒಇಎಂ ಲೈಸೆನ್ಸ್ ಬೋರ್ಡಿನ ಜೊತೆಗೇ ಹೋಗುತ್ತದೆ, ಬಿಡಿಯಾಗಿ ಕೊಂಡದ್ದನ್ನು ಹೊಸ ಬೋರ್ಡಿಗೆ ಒಯ್ಯಬಹುದು. ನನ್ನದು ಹೋಯಿತು. ಪರದೆಯ ಮೂಲೆಯಲ್ಲಿ 'ಆಕ್ಟಿವೇಟ್ ಮಾಡಿ' ಅನ್ನುತ್ತಿದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ನಲ್ಲೇ ಮುಗಿದಿರುವುದರಿಂದ ಹೇಗಿದ್ದರೂ 11ಕ್ಕೆ ಹೋಗಬೇಕು. ಅದನ್ನೂ ಫೈಲ್ ಉಳಿಸಿಕೊಂಡೇ ಮಾಡಬಹುದು.

ಅಂಗಡಿಯವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಫಾರ್ಮ್ಯಾಟ್ ಅಂದರೆ ಅವರಿಗೆ ಗೊತ್ತಿರುವ ದಾರಿ, ಗೊತ್ತಿರುವ ಹೊತ್ತು, ಗೊತ್ತಿರುವ ರೇಟು. ಎರಡು ತಾಸು ಕೂತು ಕಾಪಿ ಮಾಡಿ, ಬಯೋಸ್ ಒಳಗೆ ಹುಡುಕಾಡಿದರೆ ಗಿರಾಕಿ ಅದಕ್ಕೆ ದುಡ್ಡು ಕೊಡಲು ಗೊಣಗುತ್ತಾನೆ. ವೈರಸ್ ಹೊಕ್ಕ ಡಿಸ್ಕಾದರೆ, ಕೆಟ್ಟ ಸೆಕ್ಟರುಗಳಿದ್ದರೆ ಫಾರ್ಮ್ಯಾಟ್ ಅಥವಾ ಹೊಸ ಡಿಸ್ಕೇ ಸರಿ. ನನ್ನ ತಕರಾರು ಕೇಳದೇ ಒರೆಸುವುದಕ್ಕೆ, ಮತ್ತು ಕೇಳಿದಾಗ ನಾವು ಯೋಚಿಸದೇ ಹೂಂ ಅನ್ನುವುದಕ್ಕೆ. ರಿಪೇರಿಗೆ ಕೊಡುವಾಗ 'ಡೇಟಾ ಮುಟ್ಟಬಾರದು' ಎಂದು ರಸೀದಿಯ ಮೇಲೆ ಬರೆಸಿಕೊಳ್ಳುವುದಕ್ಕೆ ಏನೂ ಖರ್ಚಿಲ್ಲ.

ಆ ಹುಡುಗನಿಗೆ ಫಾರ್ಮ್ಯಾಟಿನ ರೇಟನ್ನೇ ಕೊಟ್ಟೆ, ಮೇಲೆ 200 ರೂಪಾಯಿ. ಅವನು ಆ ಕಮಾಂಡನ್ನು ತನ್ನ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ.