ಚಾಲಕನಿಲ್ಲದ ಕಾರು, ದಿಕ್ಕಿಲ್ಲದ ಚಾಲಕ

ಚಾಲಕನಿಲ್ಲದ ವಾಹನದ ಮಾತೆತ್ತಿದರೆ ನಮ್ಮವರು ನಗುತ್ತಾರೆ. ಗುಂಡಿ, ದನ, ಮೆರವಣಿಗೆಗಳ ನಡುವೆ ಯಂತ್ರವು ಹೇಗೆ ದಾರಿ ಕಂಡುಕೊಂಡೀತು ಎಂಬುದು ಅವರ ಪ್ರಶ್ನೆ. ನಗಲಿ. ಆದರೆ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ 2024ರಿಂದ ಚಾಲಕನಿಲ್ಲದ ವಿದ್ಯುತ್ ಟ್ಯಾಕ್ಸಿ ಸರ್ವರಿಗೂ ಲಭ್ಯವಿದೆ. ನಮ್ಮ ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಮೆಟ್ರೋ ಹಳದಿ ಮಾರ್ಗಕ್ಕೆ ತರಿಸಿದ್ದು ಚಾಲಕನಿಲ್ಲದೆಯೂ ಓಡಬಲ್ಲ ರೈಲುಗಳನ್ನೇ. ಚಾಲಕರು ಕೆಲಸ ಕಳೆದುಕೊಳ್ಳುತ್ತಾರೆಂಬ ಕಾರಣಕ್ಕೆ ಇಂತಹ ಕಾರುಗಳನ್ನು ಬಿಡುವುದಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2023ರಲ್ಲಿ ಹೇಳಿದ್ದರು. ಸಚಿವರ ಮಾತು ಕಾನೂನಲ್ಲ. ಅದನ್ನು ನಂಬಿ ಮಲಗುವಂತಿಲ್ಲ.

ಹತ್ತು ಮಂದಿ ಹಂಚಿಕೊಂಡು ಬಳಸುವ ಒಂದು ವಾಹನವಿದ್ದರೆ ಹತ್ತು ಕಾರುಗಳನ್ನು ನಿಲ್ಲಿಸುವ ಜಾಗ ಮನೆಗೆ, ಮರಕ್ಕೆ, ಕಾಲುದಾರಿಗೆ ಉಳಿಯುತ್ತದೆಂಬುದು ನಗರ ಯೋಜಕರ ವಾದ. ವಾದ ಸರಿಯಾಗಿಯೇ ಇದೆ. ಪ್ರಮುಖ ಸಾರ್ವಜನಿಕ ಸಾರಿಗೆ ನಿಲ್ದಾಣಗಳ ಬಳಿ ಕಟ್ಟುವ ಕಟ್ಟಡಗಳಿಗೆ ಪಾರ್ಕಿಂಗ್ ಕಡ್ಡಾಯವೆಂಬ ನಿಯಮವನ್ನು ಕ್ಯಾಲಿಫೋರ್ನಿಯ 2023ರಿಂದ ಬಹುಮಟ್ಟಿಗೆ ಕೈಬಿಟ್ಟಿದೆ. ಇತ್ತ ನಮ್ಮ ಸರಕಾರವು ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಕಾರುಗಳಿಗಾಗಿ ಸುರಂಗ ಕೊರೆಯುವ ಯೋಜನೆ ಹಿಡಿದು ಕುಳಿತಿದೆ!

ಹಂಚಿಕೊಂಡು ಪ್ರಯಾಣಿಸುವುದನ್ನು ಉಚ್ಚಂಗಿದುರ್ಗದ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಹರಪನಹಳ್ಳಿ ತಾಲೂಕು 2018ರಲ್ಲಿ ಬಳ್ಳಾರಿಗೆ ಸೇರಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಆದರೆ ದುರ್ಗದ ರೋಗಿಗೆ ದಾವಣಗೆರೆಯ ಆಸ್ಪತ್ರೆಯೇ ಗತಿ. ಬಸ್ಸು ತಪ್ಪಿದರೆ ಮೊಣಕಾಲು ಮಡಚಿ ಕೂರುವ ಟ್ರ್ಯಾಕ್ಸು, ಆಟೋಗಳೇ ಅವರ ಹಂಚಿಕೆಯ ಸಾರಿಗೆ. ಜನರಿಗೆ ಬೇಕಾದದ್ದು ಎಂಥದೆಂದು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯೇ ತೋರಿಸಿದೆ. ಹೊಸ ವಿದ್ಯುತ್ ವಾಹನ ಸರಕಾರಿ ಬಸ್ಸಿನ ರೂಪದಲ್ಲಿ ಈ ದಾರಿಗೆ ಬರುವುದೋ, ಬೆಂಗಳೂರಿನ ಮೊಬೈಲ್ ಕಂಪೆನಿಗಳ ಲಾಭಕ್ಕಷ್ಟೇ ಓಡುವುದೋ ಎಂಬುದನ್ನು ಯೋಜನೆಯ ಕಾಗದದಲ್ಲಿ ಈಗಲೇ ಬರೆಯಬೇಕು. ಕಂಪೆನಿಗಳು ಬೇರೂರಿದ ಬಳಿಕ ಬರೆಯುವ ಧೈರ್ಯ ಯಾವ ಸರಕಾರಕ್ಕೂ ಇರುವುದಿಲ್ಲ.

ಇನ್ನು ನಮ್ಮವರ ವಿಷಯ. ಮುಸ್ಲಿಮ್ ದುಡಿಮೆಗಾರರು ಸಾರಿಗೆ ಮತ್ತು ವಾಹನ ದುರಸ್ತಿಯಂತಹ ವೃತ್ತಿಗಳಲ್ಲಿ ಹೆಚ್ಚಾಗಿರುವುದನ್ನು 2006ರ ಸಾಚಾರ್ ವರದಿಯೇ ಗುರುತಿಸಿತ್ತು. ಸ್ಟೀಯರಿಂಗ್ ಹೋಗುವ ಮುನ್ನವೇ ಪಾನಾ ಹೋಗಲಿದೆ: ವಿದ್ಯುತ್ ಗಾಡಿಗೆ ಎಂಜಿನ್ ಆಯಿಲ್ ಬೇಡ, ಕಾರ್ಬೊರೇಟರ್ ಇಲ್ಲ, ಸೈಲೆನ್ಸರ್ ಇಲ್ಲ. ಎಂಟನೆಯ ತರಗತಿಗೇ ಶಾಲೆ ಬಿಡಿಸಿ ಗ್ಯಾರೇಜಿಗೆ ಕಳುಹಿಸಿದ ಮಗನಿಗೆ ಬ್ಯಾಟರಿ, ಮೋಟಾರು, ಕಂಟ್ರೋಲರ್‌ಗಳನ್ನು ಕಲಿಸುವವರು ಯಾರು? ಶಾದಿಮಹಲಿಗೆ ಅಮೃತಶಿಲೆ ಹಾಸಲು ಚಂದಾ ಎತ್ತುವ ನಮ್ಮ ಜಮಾಅತ್‌ಗಳು ಊರಿನ ಚಾಲಕರೆಷ್ಟು, ಮೆಕಾನಿಕ್‌ಗಳೆಷ್ಟು ಎಂದು ಒಮ್ಮೆಯಾದರೂ ಲೆಕ್ಕ ಹಾಕಿವೆಯೇ? ದಾರಿಯ ಅಡ್ಡಿಯನ್ನು ಸರಿಸುವುದನ್ನೂ ಈಮಾನಿನ ಭಾಗವೆಂದು ಪ್ರವಾದಿ(ಸ)ಯವರು ಕಲಿಸಿದರು. ಜುಮಾ ಹೊತ್ತಿನಲ್ಲಿ ಮಸೀದಿಯ ಮುಂದಿನ ರಸ್ತೆಗೆ ಅಡ್ಡವಾಗಿ ಬೈಕು ನಿಲ್ಲಿಸುವವರಿಗೆ ಇದನ್ನು ನೆನಪಿಸಬೇಕಾಗಿ ಬಂದಿರುವುದು ಬೇರೆ ಮಾತು.

ಬಡ್ಡಿಸಾಲದಲ್ಲಿ ಡೀಸೆಲ್ ಆಟೋ ಕೊಂಡು ಕಂತು ಕಟ್ಟುತ್ತಿರುವ ತರುಣನಿಗೆ ಪ್ರವಚನದಿಂದ ಹೊಟ್ಟೆ ತುಂಬದು. ಬೈತುಲ್‌ಮಾಲ್‌ನಿಂದ ಬಡ್ಡಿರಹಿತ ಸಾಲ ಕೊಟ್ಟು ಅವನನ್ನು ವಿದ್ಯುತ್ ಆಟೋಗೆ ದಾಟಿಸಿ, ಅವನ ತಮ್ಮನನ್ನು ಐಟಿಐಗೆ ಸೇರಿಸಲಿ. ಮುಂದಿನ ಶಾಬಾನ್‌ನಲ್ಲಿ ಜಮಾಅತ್ ಸಮಿತಿಗಳು ಲೆಕ್ಕಪತ್ರ ಓದುವಾಗ ಈ ಒಂದು ಬಾಬ್ತನ್ನು ನಾವು ಹುಡುಕುತ್ತೇವೆ.