ಓಣಿಗೊಂದು ಬಿಪಿ ಮಷೀನು ಯಾಕಿಲ್ಲ?

ನಮ್ಮಲ್ಲೊಬ್ಬರ ಅಜ್ಜಿ ಕುಂದಗೋಳ ತಾಲೂಕಿನ ಹಳ್ಳಿಯಿಂದ ಬಿಪಿ ತೋರಿಸಲು ಹುಬ್ಬಳ್ಳಿಗೆ ಬರುತ್ತಾರೆ. ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ಸೇನೋ ಪುಕ್ಕಟೆ. ಜೊತೆಗೆ ಬರುವ ಮಗನ ಒಂದು ದಿನದ ಕೂಲಿ ಪುಕ್ಕಟೆಯಲ್ಲ. ಬಸ್ಸಿನಲ್ಲಿ ನಿಂತು ಬಂದು, ಚೀಟಿಗೆ ಪಾಳಿ ಹಚ್ಚಿ, ಮೆಟ್ಟಿಲು ಹತ್ತಿ ಕೂತಿದ್ದೇ ತಡ, ತೋಳಿಗೆ ಪಟ್ಟಿ ಸುತ್ತುತ್ತಾರೆ. 162/94. ಎರಡೇ ನಿಮಿಷದಲ್ಲಿ ಗುಳಿಗೆ ಹೆಚ್ಚಾಗುತ್ತದೆ.

ಅದು ಅಜ್ಜಿಯ ಬಿಪಿಯೋ, ಬಸ್ಸಿನ ಬಿಪಿಯೋ?

ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂಡಿಸಬೇಕು, ಬೆನ್ನಿಗೆ ಆಸರೆ ಇರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ನಿಮಿಷ ಬಿಟ್ಟು ಎರಡನೇ ಸಲ ನೋಡಬೇಕು. ಇದು ವೈದ್ಯರೇ ಓದಿ ಬಂದ ನಿಯಮ. ಪಾಳಿ ಬಾಗಿಲಾಚೆಗೂ ನಿಂತಿರುವಾಗ ಪಾಲಿಸಲು ಆಗುವುದಿಲ್ಲ, ಒಪ್ಪುತ್ತೇವೆ. ಆಸ್ಪತ್ರೆಯಲ್ಲಿ ಆಗದ್ದು ಮನೆಯ ಕಟ್ಟೆಯ ಮೇಲೆ ಆಗುತ್ತದಲ್ಲ! ಕೆಲವರಿಗೆ ಆಸ್ಪತ್ರೆ ಕಂಡರೇ ಬಿಪಿ ಏರುತ್ತದೆ. ಇನ್ನು ಕೆಲವರಿಗೆ ಅಲ್ಲಿ ಸರಿಯಿದ್ದು ಮನೆಯಲ್ಲಿ ಏರುತ್ತದೆ. ಅಂಥವರು ಯಾರ ಕಣ್ಣಿಗೂ ಬೀಳುವುದಿಲ್ಲ.

'ಹಳ್ಳಿ ಜನಕ್ಕೆ ಮಷೀನು ಕೊಟ್ಟರೆ ಗಾಬರಿಯಾಗಿ ಗುಳಿಗೆ ತಾವೇ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಾರೆ' ಎನ್ನುವವರಿದ್ದಾರೆ. ಈಗೇನು ಮಾಡುತ್ತಿಲ್ಲವೇ? 'ಆರಾಮ ಅನಿಸ್ತು, ಬಿಟ್ಟೆ' ಎಂಬ ಮಾತನ್ನು ಎಷ್ಟು ಮನೆಗಳಲ್ಲಿ ಕೇಳಿಲ್ಲ ನಾವು! ಬಿಪಿಗೆ ನೋವಿಲ್ಲ, ಅದಕ್ಕೇ ಬಿಡುತ್ತಾರೆ. ಅಂಕಿ ಕಣ್ಣಿಗೆ ಕಂಡರೆ ಗುಳಿಗೆ ನುಂಗಲು ಒಂದು ಕಾರಣವಾದರೂ ಸಿಗುತ್ತದೆ.

ಮೇ 17ರ ವಿಶ್ವ ರಕ್ತದೊತ್ತಡ ದಿನಕ್ಕೆ ಶಿಬಿರ, ಬ್ಯಾನರು, ಫೋಟೊ. 18ಕ್ಕೆ ಏನು? 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ನೋಡುತ್ತದೆ. ಒಳ್ಳೆಯದೇ. ಆದರೆ ಕಾಯಿಲೆ ಪತ್ತೆ ಹಚ್ಚುವುದು ಬೇರೆ, ಅದು ಹತೋಟಿಯಲ್ಲಿದೆಯೇ ಎಂದು ವರ್ಷವಿಡೀ ನೋಡುವುದು ಬೇರೆ.

ತೋಳಿಗೆ ಕಟ್ಟುವ ಒಳ್ಳೆಯ ಮಷೀನಿಗೆ ಸುಮಾರು ಎರಡು ಸಾವಿರ ರೂಪಾಯಿ. ಓಣಿಯ ಇಪ್ಪತ್ತು ಮನೆ ಹಂಚಿಕೊಂಡರೆ ಮನೆಗೆ ನೂರು. ಸರ್ಕಾರ ಅದನ್ನೂ ಜನರ ಮೇಲೆ ಹಾಕದೆ ಸ್ತ್ರೀಶಕ್ತಿ ಸಂಘಕ್ಕೊಂದು ಮಷೀನು, ದಪ್ಪ ತೋಳಿನವರಿಗೆ ಬೇರೆ ಪಟ್ಟಿ, ಒಂದು ವಹಿ ಕೊಡಲಿ. ಆಶಾ ಕಾರ್ಯಕರ್ತೆಯರಿಂದ ಕಲಿಸಲಿ, ಕಲಿಸಿದ್ದಕ್ಕೆ ದುಡ್ಡನ್ನೂ ಕೊಡಲಿ. ಡಾಕ್ಟರ ಬಳಿ ಹೋಗುವ ಹಿಂದಿನ ವಾರ ಮುಂಜಾನೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದರೆ ಸಾಕು. ಮನೆಯ ಸರಾಸರಿ 135/85 ದಾಟಿದರೆ ತೋರಿಸಬೇಕು. 180/120 ದಾಟಿ ಎದೆನೋವು, ಉಬ್ಬಸ, ಮಾತು ತೊದಲುವುದು ಕಂಡರೆ ವಹಿ ಬದಿಗಿಟ್ಟು 108ಕ್ಕೆ ಫೋನು.

ವೈದ್ಯರಲ್ಲೂ ಒಂದು ಮಾತು. ಅಜ್ಜಿ ಸೆರಗಿನಿಂದ ವಹಿ ತೆಗೆದಾಗ 'ಅದೆಲ್ಲ ಬೇಡ' ಎನ್ನಬೇಡಿ. ನಿಮ್ಮ ಎರಡು ನಿಮಿಷದಲ್ಲಿ ಕಾಣದ ಏಳು ದಿನ ಅದರಲ್ಲಿವೆ.